ಪಡುಗಡಲ ತೀರದ ಮರ: ಗರುಡಫಲ ಮತ್ತು ಕುಷ್ಠರೋಗದ ಔಷಧಿಯ ಚರಿತ್ರೆ

ಸಹ್ಯಾದ್ರಿಯ ಪಶ್ಚಿಮದ ಇಳಿಜಾರಿನಲ್ಲಿ, ಕೊಂಕಣದಿಂದ ತಿರುವಾಂಕೂರಿನವರೆಗೆ, ಹೊಳೆ ಹಳ್ಳಗಳ ಅಂಚಿನ ತೇವದ ಮಣ್ಣನ್ನು ನೆಚ್ಚಿಕೊಂಡು ಬೆಳೆಯುವ ಒಂದು ನಿತ್ಯಹರಿದ್ವರ್ಣದ ಮರಕ್ಕೆ ಕನ್ನಡದಲ್ಲಿ ಗರುಡಫಲವೆಂದೂ ಮಲಯಾಳದಲ್ಲಿ ಮರೊಟ್ಟಿಯೆಂದೂ ಮರಾಠಿಯಲ್ಲಿ ಕಡು ಕವಠವೆಂದೂ ಹೆಸರು. ಸಸ್ಯಶಾಸ್ತ್ರಜ್ಞರು ಇದನ್ನು ಇಂದು ಹಿಡ್ನೊಕಾರ್ಪಸ್ ಪೆಂಟಾಂಡ್ರಸ್ ಎಂದು ಗುರುತಿಸುತ್ತಾರೆ. ಹಳೆಯ ವೈದ್ಯಕೀಯ ಗ್ರಂಥಗಳಲ್ಲಿ ಇದೇ ಮರ ಹಿಡ್ನೊಕಾರ್ಪಸ್ ವೈಟಿಯಾನ ಎಂಬ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತದೆ. ಬೇಲದ ಕಾಯಿಯನ್ನು ಹೋಲುವ ಇದರ ಕಾಯಿಯ ಸಿಪ್ಪೆ ಗಟ್ಟಿ, ಒಳಗಿನ ತಿರುಳಿನಲ್ಲಿ ಹುದುಗಿರುವ ಬೀಜಗಳು ಒತ್ತೊತ್ತಾಗಿ ಕೂತು ಕೋನಕೋನವಾಗಿರುತ್ತವೆ. ಆ ಬೀಜಗಳನ್ನು ಒಡೆದು ಗಾಣಕ್ಕೆ ಹಾಕಿದರೆ ಹಳದಿ ಬಣ್ಣದ, ಚಳಿಗೆ ಬೆಣ್ಣೆಯಂತೆ ಹೆಪ್ಪುಗಟ್ಟುವ, ಕಟುವಾಸನೆಯ ಎಣ್ಣೆ ಬರುತ್ತದೆ. ಕೇರಳದಲ್ಲಿ ಈ ಎಣ್ಣೆಯನ್ನು ದೀಪಕ್ಕೆ ಬಳಸುತ್ತಿದ್ದರು, ಕಾಯಿಯನ್ನು ಎರಡು ಹೋಳು ಮಾಡಿ ಅದರ ಚಿಪ್ಪನ್ನೇ ಹಣತೆಯಾಗಿಸುವ ರೂಢಿಯೂ ಅಲ್ಲಿತ್ತು. ಹೊಳೆಯ ಮೀನುಗಳಿಗೆ ಮತ್ತು ಬರಿಸಿ ಹಿಡಿಯಲು ಕಾಯಿಯನ್ನು ಜಜ್ಜಿ ನೀರಿಗೆ ಹಾಕುವುದುಂಟು. ಇಂತಹ ವಿಷಯುಕ್ತವಾದ, ತಿನ್ನಲು ಬಾರದ ಕಾಯಿಯೊಂದು ಇಪ್ಪತ್ತನೆಯ ಶತಮಾನದ ಮೊದಲ ನಾಲ್ಕು ದಶಕಗಳಲ್ಲಿ ಜಗತ್ತಿನ ಕುಷ್ಠರೋಗ ಚಿಕಿತ್ಸೆಯ ಮುಖ್ಯ ಆಧಾರವಾಗಿತ್ತು. ಆದರೆ ಅದರ ಚರಿತ್ರೆಯ ಬಹುಭಾಗ ಮರವನ್ನು ತಪ್ಪಾಗಿ ಗುರುತಿಸಿದವರ ಚರಿತ್ರೆಯೂ ಹೌದು.

ಈ ಔಷಧಿಯ ಬಗ್ಗೆ ದೊರೆಯುವ ಅತ್ಯಂತ ವಿವರವಾದ ಪ್ರಾಚೀನ ಉಲ್ಲೇಖ ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ ಹದಿಮೂರನೆಯ ಅಧ್ಯಾಯದಲ್ಲಿದೆ. ಅಲ್ಲಿ ತುವರಕವೆಂದು ಕರೆಯಲಾದ ಮರವು ಪಶ್ಚಿಮ ಸಮುದ್ರದ ತೀರಭೂಮಿಯಲ್ಲಿ ಬೆಳೆಯುವಂಥದೆಂದೂ, ಮಳೆಗಾಲದಲ್ಲಿ ಅದರ ಮಾಗಿದ ಹಣ್ಣುಗಳನ್ನು ಸಂಗ್ರಹಿಸಬೇಕೆಂದೂ, ಬೀಜದ ತಿರುಳನ್ನು ಒಣಗಿಸಿ ಕುಟ್ಟಿ ಎಳ್ಳಿನಂತೆ ಗಾಣದಲ್ಲಿ ಎಣ್ಣೆ ತೆಗೆಯಬೇಕೆಂದೂ, ಆ ಎಣ್ಣೆಯನ್ನು ನೀರಿನಂಶ ಹೋಗುವವರೆಗೆ ಕಾಯಿಸಿ ಒಣಗಿದ ಸಗಣಿಯ ರಾಶಿಯಲ್ಲಿ ಒಂದು ಪಕ್ಷ ಹುಗಿದಿಡಬೇಕೆಂದೂ ಸೂಚನೆಯಿದೆ. ಶುಕ್ಲಪಕ್ಷದಲ್ಲಿ ಸೇವನೆಗೆ ತೊಡಗಿದ ರೋಗಿಗೆ ವಾಂತಿ ಭೇದಿ ಎರಡೂ ಆಗುತ್ತವೆ, ಸಂಜೆ ಅವನಿಗೆ ಉಪ್ಪು ಜಿಡ್ಡು ಇಲ್ಲದ ತಣ್ಣನೆಯ ಗಂಜಿ ಕೊಡಬೇಕು, ಐದು ದಿನ ಹೀಗೆ ಎಣ್ಣೆ ಕುಡಿದ ಮೇಲೆ ಹದಿನೈದು ದಿನ ಹೆಸರುಬೇಳೆಯ ಕಟ್ಟು ಮತ್ತು ಅನ್ನದ ಪಥ್ಯವಿರಬೇಕು ಎಂಬ ಈ ವಿವರಗಳನ್ನು ಓದುವಾಗ, ಬರೆದವರು ಎಣ್ಣೆಯನ್ನು ಕೊಟ್ಟು ನೋಡಿದವರು ಎಂಬುದರಲ್ಲಿ ಸಂಶಯ ಉಳಿಯುವುದಿಲ್ಲ. ಗರುಡಫಲದ ಎಣ್ಣೆ ಹೊಟ್ಟೆಯನ್ನು ತೊಳಸುವಂತೆ ಮಾಡುತ್ತದೆಂಬ ದೂರು ಎರಡು ಸಾವಿರ ವರ್ಷಗಳ ತರುವಾಯ ಮನಿಲಾದಲ್ಲೂ ಹವಾಯಿಯಲ್ಲೂ ಅದೇ ರೂಪದಲ್ಲಿ ಕೇಳಿಬಂದಿತು. ಆದರೆ ಒಂದು ಎಚ್ಚರಿಕೆ ಅಗತ್ಯ. ಆಯುರ್ವೇದದ ಕುಷ್ಠವು ಹದಿನೆಂಟು ಬಗೆಯ ಚರ್ಮರೋಗಗಳನ್ನು ಒಳಗೊಂಡ ಒಂದು ದೊಡ್ಡ ವರ್ಗ. ಇಂದು ಕುಷ್ಠರೋಗವೆಂದು ಕರೆಯುವ, ನರಗಳನ್ನು ಹಾಳುಮಾಡಿ ಸ್ಪರ್ಶಜ್ಞಾನವನ್ನು ಕಸಿಯುವ ಸೋಂಕು ಅವುಗಳಲ್ಲಿ ಒಂದು ಪಾಲು ಮಾತ್ರ. ಆದುದರಿಂದ ಸುಶ್ರುತನ ಚಿಕಿತ್ಸೆಯಿಂದ ಗುಣವಾದವರೆಲ್ಲರೂ ಈಗಿನ ಅರ್ಥದ ಕುಷ್ಠರೋಗಿಗಳೇ ಆಗಿದ್ದರೆಂದು ಹೇಳಲಾಗದು.

ಪಡುಗಡಲ ತೀರದ ಈ ಮರವನ್ನು ಯುರೋಪು ಮೊದಲು ಕಂಡದ್ದು ಚಿತ್ರದಲ್ಲಿ. ಕೊಚ್ಚಿಯ ಡಚ್ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್ ಸಿದ್ಧಪಡಿಸಿದ, 1678ರಲ್ಲಿ ಆಮ್ಸ್ಟರ್‌ಡ್ಯಾಮಿನಲ್ಲಿ ಮೊದಲ ಸಂಪುಟ ಹೊರಬಂದ ‘ಹೋರ್ಟಸ್ ಮಲಬಾರಿಕಸ್’ ಗ್ರಂಥದಲ್ಲಿ ಮರೊಟ್ಟಿಯ ವರ್ಣನೆಯಿದೆ. ಆ ಗ್ರಂಥಕ್ಕೆ ಗಿಡಮರಗಳ ತಿಳಿವಳಿಕೆಯನ್ನು ಒದಗಿಸಿದವರಲ್ಲಿ ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯನೊಂದಿಗೆ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣರೂ ಇದ್ದರು. 1800–01ರಲ್ಲಿ ಮೈಸೂರು, ಕೆನರಾ, ಮಲಬಾರು ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಮರಕ್ಕೆ ಕೊಟ್ಟ ಹೆಸರಿನ ಉತ್ತರಾರ್ಧ ಇಂದಿನ ಶಾಸ್ತ್ರೀಯ ನಾಮದಲ್ಲಿ ಉಳಿದುಕೊಂಡಿದೆ. ಹೀಗೆ ಮರವೂ ದಾಖಲೆಯಲ್ಲಿತ್ತು, ಅದರ ಔಷಧೀಯ ಬಳಕೆಯೂ ಸಂಸ್ಕೃತ ಗ್ರಂಥದಲ್ಲಿತ್ತು. ಆದರೂ ಬ್ರಿಟಿಷ್ ವೈದ್ಯರು ಈ ಎಣ್ಣೆಯನ್ನು ಕೈಗೆತ್ತಿಕೊಂಡಾಗ ಅವರ ಗಮನ ಹರಿದದ್ದು ದೇಶದ ಇನ್ನೊಂದು ಮೂಲೆಯತ್ತ.

ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕನಾಗಿದ್ದ ಫ್ರೆಡೆರಿಕ್ ಜಾನ್ ಮೌಟ್ 1854ರಲ್ಲಿ, ಬಂಗಾಳದ ಪೇಟೆಗಳಲ್ಲಿ ಚಾಲಮೊಗ್ರ ಎಂಬ ಹೆಸರಿನಿಂದ ಮಾರಾಟವಾಗುತ್ತಿದ್ದ ಬೀಜದ ಎಣ್ಣೆಯನ್ನು ಕುಷ್ಠರೋಗಿಗಳಿಗೆ ಹೊಟ್ಟೆಗೂ ಕೊಟ್ಟು ಹುಣ್ಣುಗಳಿಗೂ ಹಚ್ಚಿ ಕಂಡ ಫಲವನ್ನು ಪ್ರಕಟಿಸಿದನು, ಮತ್ತು ಅಂದಿನಿಂದ ಈ ಔಷಧಿ ಪಾಶ್ಚಾತ್ಯ ವೈದ್ಯಕೀಯದ ಒಳಗೆ ಬಂದಿತು. ಚಾಲಮೊಗ್ರ ಬೀಜಗಳು ಚಿತ್ತಗಾಂಗಿನ ಮತ್ತು ಬರ್ಮಾದ ಕಾಡುಗಳಿಂದ ಬರುತ್ತಿದ್ದವು. ಇವು ಯಾವ ಮರದ ಬೀಜಗಳು ಎಂಬ ಪ್ರಶ್ನೆಗೆ ಉತ್ತರ ಸಿದ್ಧವಾಗಿಯೇ ಇತ್ತು: ಸಸ್ಯಶಾಸ್ತ್ರಜ್ಞ ವಿಲಿಯಂ ರಾಕ್ಸ್‌ಬರ್ಗ್ ಅದೇ ಹೆಸರಿನಿಂದ ಮೊದಲೇ ವರ್ಣಿಸಿದ್ದ, ಆಮೇಲೆ ಗೈನೊಕಾರ್ಡಿಯ ಒಡೊರಾಟ ಎಂದು ಕರೆಯಲಾದ ಮರವೇ ಇದರ ಮೂಲವೆಂದು ಎಲ್ಲರೂ ಒಪ್ಪಿಕೊಂಡರು. 1868ರ ಭಾರತೀಯ ಔಷಧಿಕೋಶದಲ್ಲಿಯೂ ಗೈನೊಕಾರ್ಡಿಯವೇ ಸೇರಿತು. ಅಧಿಕೃತ ಗ್ರಂಥದಲ್ಲಿ ಅಚ್ಚಾದ ಹೆಸರು ಮತ್ತೆ ಪ್ರಶ್ನೆಗೆ ಒಳಗಾಗುವುದು ಅಪರೂಪವಾದ್ದರಿಂದ, ಸುಮಾರು ಅರ್ಧ ಶತಮಾನ ವೈದ್ಯರು ಒಂದು ಮರದ ಹೆಸರು ಬರೆದು ಇನ್ನೊಂದು ಮರದ ಎಣ್ಣೆಯನ್ನು ಕೊಡುತ್ತಿದ್ದರು. ಪೇಟೆಯ ಚೀಲದಲ್ಲಿ ಎರಡೂ ಬೆರೆತಿದ್ದರಂತೂ ಯಾವ ರೋಗಿಗೆ ಏನು ಸಿಕ್ಕಿತೆಂದು ಹೇಳುವಂತಿರಲಿಲ್ಲ.

ಇದೇ ಹೊತ್ತಿನಲ್ಲಿ ಮುಂಬಯಿಯ ವೈದ್ಯ ಹಾಗೂ ವಿದ್ವಾಂಸ ಭಾವು ದಾಜಿ ಲಾಡ್ (1822–1874) ಪಶ್ಚಿಮ ಕರಾವಳಿಯ ಕವಠಿ ಬೀಜದ ಎಣ್ಣೆಯನ್ನು, ಎಂದರೆ ಗರುಡಫಲದ ಎಣ್ಣೆಯನ್ನೇ, ಕುಷ್ಠರೋಗಿಗಳಿಗೆ ಕೊಡುತ್ತಿದ್ದರು. ಸಂಸ್ಕೃತವನ್ನೂ ಪಾಶ್ಚಾತ್ಯ ವೈದ್ಯವನ್ನೂ ಒಟ್ಟಿಗೆ ಬಲ್ಲ, ಗೋವೆಯ ಮಾಂದ್ರೆಯಲ್ಲಿ ಹುಟ್ಟಿದ ವ್ಯಕ್ತಿಗೆ ಸುಶ್ರುತನ ಪಶ್ಚಿಮ ಸಮುದ್ರ ಯಾವುದೆಂದು ಹೇಳಿಕೊಡಬೇಕಾಗಿರಲಿಲ್ಲ. ಆದರೆ ಅವರು ತಮ್ಮ ಔಷಧಿಯನ್ನು ಗುಟ್ಟಾಗಿ ಇಟ್ಟುಕೊಂಡಿದ್ದರಿಂದ ಆ ಅರಿವು ಕಲ್ಕತ್ತೆಯ ಅಥವಾ ಲಂಡನ್ನಿನ ಚರ್ಚೆಯನ್ನು ತಿದ್ದಲಿಲ್ಲ.

1873ರಲ್ಲಿ ನಾರ್ವೆಯ ಗೆರ್ಹಾರ್ಡ್ ಹ್ಯಾನ್ಸೆನ್ ರೋಗಿಗಳ ಗಂಟುಗಳಲ್ಲಿ ಕಡ್ಡಿಯಾಕಾರದ ಬ್ಯಾಕ್ಟೀರಿಯಾವನ್ನು ಗುರುತಿಸಿದ ಮೇಲೆ ಪ್ರಶ್ನೆಯ ಸ್ವರೂಪವೇ ಬದಲಾಯಿತು. ಅಲ್ಲಿಯವರೆಗೆ ವಂಶದಿಂದ ಬರುವುದೆಂದೋ ರಕ್ತದ ಕೇಡೆಂದೋ ತಿಳಿಯಲಾಗಿದ್ದ ರೋಗಕ್ಕೆ ಒಂದು ಜೀವಿ ಕಾರಣವೆಂದಾದರೆ, ಔಷಧಿಯ ಗುಣವೆಂದರೆ ಆ ಜೀವಿಯನ್ನು ಕೊಲ್ಲುವ ಅಥವಾ ತಡೆಯುವ ಶಕ್ತಿ ಎಂದಾಗುತ್ತದೆ. ಈ ಅರಿವಿನ ಮೊದಲ ಸಾಮಾಜಿಕ ಫಲ ಚಿಕಿತ್ಸೆಯ ರೂಪದಲ್ಲಿ ಬರಲಿಲ್ಲ, ಭಯದ ರೂಪದಲ್ಲಿ ಬಂದಿತು: ರೋಗಿಗಳನ್ನು ಊರಿನಿಂದ ಬೇರ್ಪಡಿಸುವ ಬೇಡಿಕೆ ಎದ್ದು, ಭಾರತದಲ್ಲಿ 1898ರ ಕುಷ್ಠರೋಗಿಗಳ ಕಾಯಿದೆ ಜಾರಿಯಾಯಿತು. ಆಶ್ರಯಧಾಮಗಳೂ ಹೆಚ್ಚಿದವು. ಮಂಗಳೂರಿನ ಕಂಕನಾಡಿಯಲ್ಲಿ ಜೆಸ್ವಿತ್ ಪಾದ್ರಿ ಅಗಸ್ಟಸ್ ಮುಲ್ಲರ್ 1890ರಲ್ಲಿ ತೆರೆದ ಕುಷ್ಠರೋಗಿಗಳ ಧಾಮ ಕನ್ನಡ ಕರಾವಳಿಯಲ್ಲಿ ಅಂಥವುಗಳಲ್ಲಿ ಒಂದು. ಗರುಡಫಲದ ಮರಗಳು ಬೆಳೆಯುವ ಸೀಮೆಯ ನಡುವೆಯೇ ಇದ್ದ ಆ ಧಾಮವನ್ನು ಕಟ್ಟಿದ ಪಾದ್ರಿ ನಂಬಿದ್ದು ಮಾತ್ರ ಹೋಮಿಯೋಪತಿಯನ್ನು.

ಹೊಸ ಶತಮಾನದ ಹೊಸ್ತಿಲಲ್ಲಿ ಮರದ ಗೊಂದಲ ಬಗೆಹರಿಯಿತು. ಪೇಟೆಯ ಚಾಲಮೊಗ್ರ ಬೀಜದ ರಚನೆ ಗೈನೊಕಾರ್ಡಿಯದ ಬೀಜಕ್ಕೆ ಹೊಂದುವುದಿಲ್ಲವೆಂದು ಫ್ರಾನ್ಸಿನಲ್ಲಿ ಡೆಪ್ರೆ ತೋರಿಸಿದ ಬಳಿಕ, ಕಲ್ಕತ್ತೆಯ ಸಸ್ಯೋದ್ಯಾನದ ಡೇವಿಡ್ ಪ್ರೈನ್ 1901ರಲ್ಲಿ ಅವು ಟ್ಯಾರಕ್ಟೊಜೆನೊಸ್ ಕುರ್ಜಿಯೈ ಎಂಬ, ಗರುಡಫಲಕ್ಕೆ ತೀರ ಹತ್ತಿರದ ಸಂಬಂಧಿಯಾದ ಮರದ ಬೀಜಗಳೆಂದು ನಿರ್ಧರಿಸಿದನು. ಆಗ ರಸಾಯನಶಾಸ್ತ್ರಜ್ಞರ ಸರದಿ ಬಂದಿತು. ಲಂಡನ್ನಿನ ವೆಲ್ಕಂ ರಾಸಾಯನಿಕ ಸಂಶೋಧನಾಲಯದ ನಿರ್ದೇಶಕನಾಗಿದ್ದ ಅಮೆರಿಕದ ಫ್ರೆಡೆರಿಕ್ ಬೆಲ್ಡಿಂಗ್ ಪವರ್, ತನ್ನ ಸಹೋದ್ಯೋಗಿ ಗೋರ್ನಲ್‌ನೊಂದಿಗೆ 1904ರಲ್ಲಿ ಈ ಬೀಜದ ಎಣ್ಣೆಯಿಂದ ಚಾಲ್ಮೂಗ್ರಿಕ್ ಆಮ್ಲವನ್ನು ಬೇರ್ಪಡಿಸಿದನು. 1905ರಲ್ಲಿ ಬ್ಯಾರೋಕ್ಲಿಫ್‌ನೊಡನೆ ಸಹ್ಯಾದ್ರಿಯ ಗರುಡಫಲದ ಎಣ್ಣೆಯನ್ನು ಪರೀಕ್ಷಿಸಿ, ಅದರಲ್ಲೂ ಚಾಲ್ಮೂಗ್ರಿಕ್ ಆಮ್ಲವಿದೆಯೆಂದೂ ಅದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಹಿಡ್ನೊಕಾರ್ಪಿಕ್ ಎಂಬ ಇನ್ನೊಂದು ಆಮ್ಲವಿದೆಯೆಂದೂ ಕಂಡುಕೊಂಡನು. ಗೈನೊಕಾರ್ಡಿಯದ ಎಣ್ಣೆಯಲ್ಲಿ ಇವೆರಡೂ ಇರಲಿಲ್ಲ. ಔಷಧಿಕೋಶ ಹೆಸರಿಸಿದ್ದ ಮರದಲ್ಲಿ ಔಷಧಿಯೇ ಇರಲಿಲ್ಲವೆಂದು ಹೀಗೆ ಸಾಬೀತಾಯಿತು.

ಈ ಆಮ್ಲಗಳ ವೈಶಿಷ್ಟ್ಯವನ್ನು ಸ್ವಲ್ಪ ವಿವರಿಸಬೇಕು. ಕೊಬ್ಬರಿ, ಕಡಲೆಕಾಯಿ, ಎಳ್ಳು ಮೊದಲಾದವುಗಳ ಎಣ್ಣೆಯ ಕೊಬ್ಬಿನಾಮ್ಲಗಳೆಂದರೆ ಇಂಗಾಲದ ಪರಮಾಣುಗಳು ಒಂದರ ಹಿಂದೆ ಒಂದರಂತೆ ಜೋಡಿಸಿಕೊಂಡ ಉದ್ದನೆಯ ಸರಪಣಿಗಳು. ಸರಪಣಿಯ ಒಂದು ತುದಿಯಲ್ಲಿ ಆಮ್ಲದ ಗುಂಪು, ಇನ್ನೊಂದು ತುದಿ ಬರಿದು. ಗರುಡಫಲದ ಆಮ್ಲಗಳಲ್ಲಿ ಆ ಬರಿದಾದ ತುದಿಯಲ್ಲಿ ಐದು ಇಂಗಾಲಗಳ ಒಂದು ಉಂಗುರ ಕೂತಿರುತ್ತದೆ, ಮತ್ತು ಆ ಉಂಗುರದಲ್ಲಿ ಒಂದು ಜೋಡಿಬಂಧವಿರುತ್ತದೆ. ಹದಿನಾರು ಇಂಗಾಲಗಳಿರುವುದು ಹಿಡ್ನೊಕಾರ್ಪಿಕ್, ಹದಿನೆಂಟಿರುವುದು ಚಾಲ್ಮೂಗ್ರಿಕ್. ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮೊದಲನೆಯದು, ಕಾಲು ಪಾಲಿನಷ್ಟು ಎರಡನೆಯದು. ಧ್ರುವೀಕರಿಸಿದ ಬೆಳಕನ್ನು ಹಾಯಿಸಿದಾಗ ಈ ಎಣ್ಣೆ ಅದರ ತಲವನ್ನು ಬಲಕ್ಕೆ ಗಣನೀಯವಾಗಿ ತಿರುಗಿಸುತ್ತದೆ, ಸಾಮಾನ್ಯ ಅಡುಗೆ ಎಣ್ಣೆಗಳು ಹಾಗೆ ಮಾಡುವುದಿಲ್ಲ. ಆದುದರಿಂದ ಪೇಟೆಯ ಎಣ್ಣೆ ಅಸಲೋ ಕಲಬೆರಕೆಯೋ ಎಂದು ತಿಳಿಯಲು ಒಂದು ಸುಲಭವಾದ ಪರೀಕ್ಷೆಯೂ ದೊರೆತಂತಾಯಿತು. ಉಂಗುರದ ಸರಿಯಾದ ರಚನೆಯನ್ನು 1925ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಶ್ರೈನರ್ ಮತ್ತು ರೋಜರ್ ಆ್ಯಡಮ್ಸ್ ಖಚಿತಪಡಿಸಿದರು.

ಆಮ್ಲಗಳ ಗುರುತು ಸಿಕ್ಕಿದರೂ ಎಣ್ಣೆಯನ್ನು ದೇಹದೊಳಗೆ ಸೇರಿಸುವ ಕಷ್ಟ ಹಾಗೆಯೇ ಉಳಿದಿತ್ತು. ಕುಡಿದರೆ ಓಕರಿಕೆ ತಡೆಯಲಾಗದೆ ಬಹಳಷ್ಟು ರೋಗಿಗಳು ಫಲ ಕಾಣುವ ಮೊದಲೇ ಚಿಕಿತ್ಸೆ ಬಿಡುತ್ತಿದ್ದರು. ಚರ್ಮದಡಿ ಚುಚ್ಚಿದರೆ ದಪ್ಪನೆಯ ಎಣ್ಣೆ ಇಂಗದೆ ಅಲ್ಲಿಯೇ ನಿಂತು ಗಂಟಾಗಿ, ಬಾವಾಗಿ, ಕೀವು ತುಂಬುತ್ತಿತ್ತು. ಈಜಿಪ್ಟಿನ ವೈದ್ಯ ತೊರ್ತುಲಿಸ್ ಬೇ 1894ರಿಂದ ಆರಂಭಿಸಿ ಒಬ್ಬನೇ ರೋಗಿಗೆ ಆರು ವರ್ಷಗಳಲ್ಲಿ 584 ಬಾರಿ ಈ ಎಣ್ಣೆಯನ್ನು ಚುಚ್ಚಿದನೆಂಬ ದಾಖಲೆ, ವೈದ್ಯನ ಛಲಕ್ಕಿಂತ ರೋಗಿಯ ತಾಳ್ಮೆಗೆ ಹೆಚ್ಚಿನ ಸಾಕ್ಷಿ. ಮನಿಲಾದಲ್ಲಿ ವಿಕ್ಟರ್ ಹೈಸರ್ ಮತ್ತು ಎಲಿಯೊಡೊರೊ ಮೆರ್ಕಾಡೊ ಎಣ್ಣೆಗೆ ಕರ್ಪೂರವನ್ನೂ ರಿಸಾರ್ಸಿನ್ ಎಂಬ ರಾಸಾಯನಿಕವನ್ನೂ ಬೆರೆಸಿ ಚುಚ್ಚುಮದ್ದನ್ನು ಸಹ್ಯವಾಗಿಸಲು ಯತ್ನಿಸಿದರು.

ನಿಜವಾದ ತಿರುವು ಬಂದದ್ದು ಹವಾಯಿಯಲ್ಲಿ. ಅಲ್ಲಿನ ಸರ್ಕಾರ 1866ರಿಂದ ಕುಷ್ಠರೋಗಿಗಳನ್ನು ಮೊಲೊಕಾಯ್ ದ್ವೀಪದ ಕಲಾವುಪಾಪಕ್ಕೆ ಗಡೀಪಾರು ಮಾಡುತ್ತಿತ್ತು. ಹೊನೊಲುಲುವಿನ ಕಾಲಿಹಿ ಆಸ್ಪತ್ರೆಯಲ್ಲಿ ಗುಣ ಕಾಣದವರನ್ನು ಅಲ್ಲಿಗೆ ಕಳುಹಿಸಲಾಗುತ್ತಿತ್ತು. ಆ ಆಸ್ಪತ್ರೆಯ ವೈದ್ಯ ಹ್ಯಾರಿ ಹಾಲ್‌ಮನ್ ನೆರವು ಕೇಳಿದ್ದು, 1915ರಲ್ಲಿ ಹವಾಯಿ ಕಾಲೇಜಿನಿಂದ ರಸಾಯನಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು ಅಲ್ಲಿಯೇ ಕಲಿಸುತ್ತಿದ್ದ ಆಲಿಸ್ ಆಗಸ್ಟಾ ಬಾಲ್ ಎಂಬ ಆಫ್ರಿಕನ್ ಅಮೆರಿಕನ್ ತರುಣಿಯನ್ನು. ಆ ಕಾಲೇಜಿನಿಂದ ಸ್ನಾತಕೋತ್ತರ ಪದವಿ ಪಡೆದ ಮೊದಲ ಮಹಿಳೆ ಆಕೆ. ಎಣ್ಣೆಯ ಕೊಬ್ಬಿನಾಮ್ಲಗಳನ್ನು ಬಿಡಿಸಿ, ಒಂದರಿಂದ ಒಂದನ್ನು ಬೇರ್ಪಡಿಸಿ, ಮದ್ಯಸಾರದೊಡನೆ ಸಂಯೋಗಗೊಳಿಸಿ ಆಕೆ ಎಥಿಲ್ ಎಸ್ಟರುಗಳನ್ನು ಪಡೆದಳು. ಎಸ್ಟರ್ ಎಂದರೆ ಆಮ್ಲವೂ ಮದ್ಯಸಾರವೂ ಕೂಡಿ, ನೀರಿನ ಅಂಶ ಕಳಚಿಕೊಂಡು ಆಗುವ ಸಂಯುಕ್ತ. ಇದನ್ನು ನೀರಿನಲ್ಲಿ ಕರಗುವ ಔಷಧಿಯೆಂದು ಜನಪ್ರಿಯ ಬರಹಗಳು ಬಣ್ಣಿಸುವುದು ಸರಿಯಲ್ಲ. ಅದು ನೀರಿನಲ್ಲಿ ಕರಗದು, ಆದರೆ ಮೂಲ ಎಣ್ಣೆಗಿಂತ ಬಹಳ ತೆಳುವಾದ್ದರಿಂದ ಸೂಜಿಯಲ್ಲಿ ಸರಾಗವಾಗಿ ಹೋಗಿ ಸ್ನಾಯುವಿನಲ್ಲಿ ಬೇಗ ಇಂಗುತ್ತದೆ. ತನ್ನ ಕೆಲಸವನ್ನು ಪ್ರಕಟಿಸುವ ಮೊದಲೇ, 1916ರ ಡಿಸೆಂಬರ್ 31ರಂದು, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಬಾಲ್ ತೀರಿಕೊಂಡಳು. ಕಾಲೇಜಿನ ಅಧ್ಯಕ್ಷ ಆರ್ಥರ್ ಡೀನ್ ಆ ಕೆಲಸವನ್ನು ಮುಂದುವರಿಸಿ ಆಕೆಯ ಹೆಸರೆತ್ತದೆ ಪ್ರಕಟಿಸಿದನು, ವಿಧಾನಕ್ಕೆ ಅವನ ಹೆಸರೇ ಅಂಟಿಕೊಂಡಿತು. 1922ರಲ್ಲಿ ಹಾಲ್‌ಮನ್ ತನ್ನ ಲೇಖನವೊಂದರಲ್ಲಿ ಅದನ್ನು ಬಾಲ್ ವಿಧಾನವೆಂದು ಕರೆದು ದಾಖಲೆಯನ್ನು ತಿದ್ದಿದರೂ ಅದು ಯಾರ ಕಿವಿಗೂ ಬಿದ್ದಂತೆ ಕಾಣುವುದಿಲ್ಲ. ಹವಾಯಿ ವಿಶ್ವವಿದ್ಯಾಲಯ ಆಕೆಯ ನೆನಪಿಗೆ ಫಲಕವೊಂದನ್ನು ನಿಲ್ಲಿಸಿದ್ದು 2000ದಲ್ಲಿ, ತನ್ನ ಆವರಣದ ಚಾಲಮೊಗ್ರ ಮರದ ಬಳಿ. ಎಸ್ಟರ್ ಚುಚ್ಚುಮದ್ದು ಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ ಕಾಲಿಹಿಯಿಂದ 78 ರೋಗಿಗಳನ್ನು ಮನೆಗೆ ಕಳುಹಿಸಲಾಯಿತೆಂಬ ವರದಿ ಹೊರಬಿದ್ದಾಗ ಬೀಜಕ್ಕಾಗಿ ಬೇಡಿಕೆ ಏರಿತು, ಮತ್ತು ಅಮೆರಿಕದ ಕೃಷಿ ಇಲಾಖೆ 1920ರಲ್ಲಿ ಜೋಸೆಫ್ ರಾಕ್ ಎಂಬ ಸಸ್ಯಶಾಸ್ತ್ರಜ್ಞನನ್ನು ಸಯಾಮ್, ಬರ್ಮಾಗಳ ಕಾಡುಗಳಿಗೆ ಬೀಜ ತರಲು ಅಟ್ಟಿತು.

ಅಷ್ಟು ದೂರದ ಕಾಡುಗಳಲ್ಲಿ ಮರ ಹುಡುಕುತ್ತಿದ್ದಾಗ ಕಲ್ಕತ್ತೆಯಲ್ಲಿ ಬೇರೊಂದು ಲೆಕ್ಕಾಚಾರ ನಡೆದಿತ್ತು. ವೈದ್ಯ ಲಿಯೊನಾರ್ಡ್ ರೋಜರ್ಸ್ ಈ ಆಮ್ಲಗಳ ಸೋಡಿಯಂ ಲವಣವನ್ನು ಚುಚ್ಚುಮದ್ದಾಗಿ ಬಳಸಿ ನೋಡಿದ್ದನು, ರಸಾಯನಶಾಸ್ತ್ರಜ್ಞ ಸುಧಾಮಯ ಘೋಷ್ ಬೇರೆ ಬೇರೆ ಎಣ್ಣೆಗಳನ್ನು ವಿಶ್ಲೇಷಿಸಿದ್ದರು. 1920ರ ದಶಕದಲ್ಲಿ ಉಷ್ಣವಲಯ ವೈದ್ಯಕೀಯ ಶಾಲೆಯ ಕುಷ್ಠರೋಗ ಸಂಶೋಧನೆಯನ್ನು ವಹಿಸಿಕೊಂಡ ಅರ್ನೆಸ್ಟ್ ಮ್ಯೂರ್ ಅಂತಿಮವಾಗಿ ಆರಿಸಿದ್ದು ದಕ್ಷಿಣದ ಹಿಡ್ನೊಕಾರ್ಪಸ್ ವೈಟಿಯಾನದ ಎಣ್ಣೆಯನ್ನು. ಬರ್ಮಾದ ಬೀಜಕ್ಕಿಂತ ಅದು ಅಗ್ಗ, ಸಂಗ್ರಹಿಸುವುದು ಸುಲಭ, ತಾಜಾ ಬೀಜದಿಂದ ತೆಗೆದರೆ ಕೆರಳಿಕೆಯೂ ಕಡಿಮೆ. ಶುದ್ಧವಾದ ಎಣ್ಣೆಗೆ ನೂರಕ್ಕೆ ನಾಲ್ಕರಷ್ಟು ಕ್ರಿಯೋಸೋಟ್ ಎಂಬ ಕ್ರಿಮಿನಾಶಕವನ್ನು ಬೆರೆಸಿ ನೇರವಾಗಿಯೇ ಚುಚ್ಚಬಹುದೆಂದಾದ ಮೇಲೆ ದುಬಾರಿ ಎಸ್ಟರುಗಳ ಅಗತ್ಯವೂ ಕುಗ್ಗಿತು. ಅಂತೂ ಸುಶ್ರುತ ಹೇಳಿದ ತೀರಕ್ಕೆ ಆಧುನಿಕ ವೈದ್ಯಕೀಯ ಬಂದು ಮುಟ್ಟಲು 1854ರಿಂದ ಎಪ್ಪತ್ತು ವರ್ಷ ಹಿಡಿಯಿತು, ಅದೂ ಗ್ರಂಥವನ್ನು ಓದಿ ಬಂದದ್ದಲ್ಲ, ಬೆಲೆಯನ್ನು ತೂಗಿ ಬಂದದ್ದು. 1924ರಲ್ಲಿ ಕೆಲಸ ಆರಂಭಿಸಿದ ಬ್ರಿಟಿಷ್ ಸಾಮ್ರಾಜ್ಯ ಕುಷ್ಠರೋಗ ಪರಿಹಾರ ಸಂಘ ಈ ಚಿಕಿತ್ಸೆಯನ್ನು ವಸಾಹತುಗಳಲ್ಲೆಲ್ಲ ಹರಡಿತು, ನೈಜೀರಿಯದ ಕುಷ್ಠರೋಗಿಗಳ ನೆಲೆಗಳಲ್ಲಿ ಹಿಡ್ನೊಕಾರ್ಪಸ್ ಮರಗಳನ್ನು ನೆಟ್ಟು ಬೆಳೆಸಲಾಯಿತು.

ಈ ಎಣ್ಣೆ ಎಷ್ಟು ಜನರನ್ನು ಗುಣಪಡಿಸಿತೆಂಬುದು ವಾದದ ವಿಷಯ; ಅದು ತಂದ ಒಂದು ಬದಲಾವಣೆಯಂತೂ ನಿರ್ವಿವಾದ. ಮದ್ದೇ ಇಲ್ಲದಿದ್ದಾಗ ರೋಗಿ ತನ್ನ ಮಚ್ಚೆಯನ್ನು ಮುಚ್ಚಿಡುತ್ತಿದ್ದನು, ಏಕೆಂದರೆ ತೋರಿಸಿದರೆ ಸಿಗುತ್ತಿದ್ದುದು ಬಹಿಷ್ಕಾರ ಮಾತ್ರ. ವಾರಕ್ಕೊಮ್ಮೆ ಬಂದು ಚುಚ್ಚಿಸಿಕೊಂಡು ಮನೆಗೆ ಮರಳಬಹುದಾದ ಹೊರರೋಗಿ ಚಿಕಿತ್ಸಾಲಯಗಳು ಬಂದ ಮೇಲೆ, ರೋಗದ ಆರಂಭದ ಹಂತದಲ್ಲಿರುವವರೂ ಮುಂದೆ ಬರತೊಡಗಿದರು. ವಿಚಿತ್ರವೆಂದರೆ ಇದೇ ಬದಲಾವಣೆ ಔಷಧಿಯ ಶಕ್ತಿಯನ್ನು ಅಳೆಯುವುದನ್ನು ಕಷ್ಟವಾಗಿಸಿತು. ಆರಂಭದ ಹಂತದ ರೋಗ ಎಷ್ಟೋ ಮಂದಿಯಲ್ಲಿ ತಾನಾಗಿಯೇ ಇಳಿಯುತ್ತದೆ. ಒಳ್ಳೆಯ ಊಟ, ಇತರ ರೋಗಗಳ ಉಪಚಾರ ಇವೂ ಚಿಕಿತ್ಸಾಲಯದ ಭಾಗವಾಗಿದ್ದವು. ಹೋಲಿಕೆಗೆ ಎಣ್ಣೆ ಪಡೆಯದ ಗುಂಪನ್ನು ಇಟ್ಟು ನಡೆಸಿದ ಪ್ರಯೋಗಗಳು ಆಗ ಅಪರೂಪ. ಉಲ್ಬಣಿಸಿದ ರೋಗದಲ್ಲಿ ಎಣ್ಣೆಯ ಫಲ ಅಲ್ಪವೆಂಬುದನ್ನು ಅದರ ಪಕ್ಷಪಾತಿಗಳೂ ಬಲ್ಲರು.

1941ರಲ್ಲಿ ಅಮೆರಿಕದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಯಲ್ಲಿ ಗೈ ಫೇಜೆಟ್ ಪ್ರೋಮಿನ್ ಎಂಬ ಸಲ್ಫೋನ್ ಔಷಧಿಯ ಪ್ರಯೋಗ ಆರಂಭಿಸಿದನು. 1946ರಲ್ಲಿ ಚೆಂಗಲ್ಪಟ್ಟಿನಲ್ಲಿ ರಾಬರ್ಟ್ ಕಾಕ್ರೇನ್ ಅದರ ಮೂಲದ್ರವ್ಯವಾದ ಡ್ಯಾಪ್ಸೋನನ್ನು ಬಳಕೆಗೆ ತಂದನು. ಕೆಲವು ಕಾಸಿನ ಗುಳಿಗೆ ಸೂಜಿಯನ್ನು ಬೇಡದಂತೆ ಮಾಡಿದ ಮೇಲೆ, 1950ರ ದಶಕದಲ್ಲಿ ಎಣ್ಣೆ ಆಸ್ಪತ್ರೆಗಳಿಂದ ಮರೆಯಾಯಿತು.

ಬ್ಯಾಕ್ಟೀರಿಯಾದ ಮೇಲೆ ಅದು ನಿಜವಾಗಿಯೂ ಕೆಲಸ ಮಾಡುತ್ತದೆಯೆ ಎಂಬ ಪ್ರಶ್ನೆಗೆ ಪೂರ್ಣ ಉತ್ತರ ಸಿಕ್ಕಿದ್ದು ಆಮೇಲೆ. ಕುಷ್ಠರೋಗದ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಲು ಬರುವುದಿಲ್ಲ. ಆದುದರಿಂದ 1920ರಲ್ಲಿ ವಾಕರ್ ಮತ್ತು ಸ್ವೀನಿ ಅದರ ಬಂಧುವಾದ ಕ್ಷಯದ ಬ್ಯಾಕ್ಟೀರಿಯಾ ಮೊದಲಾದವುಗಳ ಮೇಲೆ ಈ ಆಮ್ಲಗಳನ್ನು ಪರೀಕ್ಷಿಸಿ, ಮೇಣದಂಥ ಹೊದಿಕೆಯುಳ್ಳ ಈ ಗುಂಪಿನ ಮೇಲೆ ಅವು ಫಿನಾಲ್ ಎಂಬ ಕ್ರಿಮಿನಾಶಕಕ್ಕಿಂತ ನೂರು ಪಟ್ಟು ಪ್ರಬಲವೆಂದೂ ಇತರ ಬ್ಯಾಕ್ಟೀರಿಯಾಗಳ ಮೇಲೆ ನಿಷ್ಫಲವೆಂದೂ ಹೇಳಿದ್ದರು. ಇಲಿಯ ಅಂಗಾಲಿನಲ್ಲಿ ಕುಷ್ಠರೋಗದ ಬ್ಯಾಕ್ಟೀರಿಯಾವನ್ನು ಬೆಳೆಸುವ ವಿಧಾನವನ್ನು 1960ರಲ್ಲಿ ಚಾರ್ಲ್ಸ್ ಶೆಪರ್ಡ್ ಕಂಡುಹಿಡಿದ ತರುವಾಯವೇ ನೇರ ಪರೀಕ್ಷೆ ಸಾಧ್ಯವಾಯಿತು, ಮತ್ತು 1975ರಲ್ಲಿ ಲೂಯಿ ಲೆವಿ ಈ ಆಮ್ಲಗಳು ಇಲಿಯಲ್ಲಿ ಆ ಬ್ಯಾಕ್ಟೀರಿಯಾದ ವೃದ್ಧಿಯನ್ನು ತಡೆಯುತ್ತವೆಂದು ತೋರಿಸಿದನು. ಬಯೋಟಿನ್ ಎಂಬ ಜೀವಸತ್ವದ ಕೆಲಸಕ್ಕೆ ಹಿಡ್ನೊಕಾರ್ಪಿಕ್ ಆಮ್ಲ ಅಡ್ಡಿಯಾಗುತ್ತದೆಂಬುದು 1973ರಲ್ಲಿ ಮಂಡಿತವಾದ ಒಂದು ವಿವರಣೆ; ಈ ಗುಂಪಿನ ಬ್ಯಾಕ್ಟೀರಿಯಾ ಇಂಥ ವಿಚಿತ್ರ ಆಮ್ಲವನ್ನು ತನ್ನದೇ ಕೊಬ್ಬಿನೊಳಗೆ ಸೇರಿಸಿಕೊಳ್ಳುತ್ತದೆಂಬುದನ್ನು 1981ರ ಅಧ್ಯಯನವೊಂದು ತೋರಿಸಿತು. ಔಷಧಿ ಎಂದು ಕೊಡುತ್ತಿದ್ದಷ್ಟು ಕಾಲವೂ ಇಲ್ಲದಿದ್ದ ನೇರ ಪುರಾವೆ, ಅದನ್ನು ಕೈಬಿಟ್ಟು ಸುಮಾರು ಎರಡು ದಶಕವಾದ ಮೇಲೆ ಬಂದಿತು.

ಗರುಡಫಲದ ಬೀಜದಲ್ಲಿ ಆಮ್ಲಗಳ ಹೊರತಾಗಿ ಹಿಡ್ನೊಕಾರ್ಪಿನ್ ಮತ್ತು ಅದರ ಸಂಬಂಧಿ ಮೆಥಾಕ್ಸಿಹಿಡ್ನೊಕಾರ್ಪಿನ್ ಎಂಬ ಸಂಯುಕ್ತಗಳೂ ಅಲ್ಪ ಪ್ರಮಾಣದಲ್ಲಿವೆ. ಇವುಗಳಲ್ಲಿ ಎರಡನೆಯದು ತಾನಾಗಿ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲವಾದ್ದರಿಂದ ಯಾರೂ ಅದಕ್ಕೆ ಬೆಲೆ ಕೊಟ್ಟಿರಲಿಲ್ಲ. 2000ದಲ್ಲಿ ಅಮೆರಿಕದ ಫ್ರ್ಯಾಂಕ್ ಸ್ಟೆರ್ಮಿಟ್ಸ್, ಕಿಮ್ ಲೂಯಿಸ್ ಮತ್ತು ಸಂಗಡಿಗರು ಅದೇ ಸಂಯುಕ್ತವನ್ನು ದಾರುಹರಿದ್ರಾದ ಜಾತಿಯ ಗಿಡವೊಂದರಲ್ಲಿ ಕಂಡು, ಅದರ ಕೆಲಸವೇನೆಂದು ತಿಳಿದರು. ಕೀವು ಹುಣ್ಣುಗಳಿಗೆ ಕಾರಣವಾಗುವ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ತನ್ನ ಪೊರೆಯಲ್ಲಿರುವ ಪಂಪುಗಳಿಂದ ಒಳಬಂದ ವಿಷವನ್ನು ಹೊರಕ್ಕೆ ದಬ್ಬುತ್ತದೆ. ಆ ಗಿಡಗಳ ಹಳದಿ ದ್ರವ್ಯವಾದ ಬರ್ಬೆರಿನ್ ಒಂಟಿಯಾಗಿ ದುರ್ಬಲವಾಗಿರುವುದು ಇದರಿಂದಲೇ. ಮೆಥಾಕ್ಸಿಹಿಡ್ನೊಕಾರ್ಪಿನ್ ಆ ಪಂಪನ್ನು ಕಟ್ಟಿಹಾಕುತ್ತದೆ, ಆಗ ಬರ್ಬೆರಿನ್ ಒಳಗೇ ಉಳಿದು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಇಂತಹ ಜೊತೆಗಾರ ದ್ರವ್ಯಗಳನ್ನು ಹುಡುಕುವ ಕೆಲಸ ಅಂದಿನಿಂದ ಹಲವು ಪ್ರಯೋಗಾಲಯಗಳಲ್ಲಿ ನಡೆದಿದೆ, ಆದರೆ ಒಂದೊಂದೇ ಸಂಯುಕ್ತವನ್ನು ಬೇರ್ಪಡಿಸಿ ಒಂಟಿಯಾಗಿ ಪರೀಕ್ಷಿಸುವ, ಪವರ್‌ನ ಕಾಲದಿಂದ ಬಂದ ಪದ್ಧತಿಯಲ್ಲಿ ಅವು ಕಣ್ಣಿಗೆ ಬೀಳುವುದು ಕಷ್ಟ.